ಬೇಲಿಯ ಎಲೆ

ಇವತ್ತೂ ಯಾರೋ ಬೇಲಿಯ ಇಸಾಲೆ ಗಿಡದಿಂದ ಒಂದು ಎಲೆ ಕೊಯ್ದಿದ್ದರು. ಚೂಪು ಕತ್ತಿಯ ಕೆಲಸ. ಉದ್ದನೆಯ ಹಸಿರೆಲೆ ಅಮಿನಿಯೇಲಿಯ ಬಾಳೆತೋಟದ ಕಡೆಗೇ ಬಿದ್ದಿತ್ತು. ವಾರದಿಂದ ಇದೇ ಕಥೆ.

"ಒಫೋರೊನದ್ದೇ ಕೆಲಸ," ಎಂದ ಅವನು. "ಇವತ್ತು ಎಲೆ, ನಾಳೆ ಗಿಡ, ನಾಡಿದ್ದು ನನ್ನ ತೋಟ!"

ಒಫೋರೊ ಬೇಲಿಯಾಚೆಯವನು, ಸ್ವಂತ ಅಣ್ಣ. ಇಬ್ಬರಿಗೂ ಮಾತು ನಿಂತು ಎರಡು ಮಳೆಗಾಲ ಕಳೆದಿತ್ತು. ಅಣ್ಣನ ಸರದಿಯ ದಿನ ಬೆಟ್ಟದ ಕಾಲುವೆಯನ್ನು ತನ್ನ ಕಾಫಿಗಿಡಗಳತ್ತ ತಿರುಗಿಸಿಕೊಂಡವನು ಅಮಿನಿಯೇಲಿ. ಅದು ಊರಿಗೆಲ್ಲ ಗೊತ್ತು, ಅವನಿಗೂ ಗೊತ್ತು. ಒಪ್ಪಿಕೊಳ್ಳುವುದೊಂದು ಬಾಕಿ.

ಶನಿವಾರ ಮಗಳು ಮನ್ಕಾಳ ಮದುವೆ. ದೊಡ್ಡಪ್ಪ ಬಾಳೆಹಣ್ಣಿನ ಹೆಂಡದ ಸೋರೆಬುರುಡೆ ಎತ್ತಿ ಹರಸದೆ ಹೆಣ್ಣು ಅಂಗಳ ದಾಟುವಂತಿಲ್ಲ. ಮನ್ಕಾ ಊಟ ಬಿಟ್ಟಿದ್ದಳು.

"ಒಂದ್ಸಲ ತಪ್ಪಾಯ್ತು ಅಂದ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದು ಹೆಂಡತಿ ಐಕಾಂಡೆ ಕೇಳಿದ್ದಳು.

"ಕಿಲಿಮಂಜಾರೋದ ಹಿಮ ಕರಗಿದ್ರೂ ನಾನು ಕರಗಲ್ಲ."

"ಅದು ಕರಗ್ತಾನೇ ಇದೆ."

ಈಗ ಅವಳು ಮೇಕೆಗೆ ಬಾಳೆದಿಂಡು ಹೆಚ್ಚುತ್ತ, ತಲೆಯೆತ್ತದೆ ಹೇಳಿದಳು: "ಬರಿಗೈಲಿ ಹೋಗಿ ಕೂಗಾಡಿದ್ರೆ ಯಾರು ನಂಬ್ತಾರೆ? ಸಾಕ್ಷಿ ಹಿಡ್ಕೊಂಡು ಹೋಗಿ. ಎಲ್ರಿಗೂ ಕಾಣೋ ಹಾಗೆ."

ಅಮಿನಿಯೇಲಿ ಎಲೆಯನ್ನು ಈಟಿಯಂತೆ ಎತ್ತಿ ಹೊರಟ.

ದಾರಿಯಲ್ಲಿ ಮುದುಕನೊಬ್ಬ ಟೋಪಿ ತೆಗೆದ. "ಗಂಡಸು ಅಂದ್ರೆ ನೀನಪ್ಪ!" ಬಾಳೆಗೊನೆ ಹೊತ್ತು ಸಂತೆಗೆ ಹೊರಟಿದ್ದ ಹೆಂಗಸರು ಖುಷಿಯಿಂದ ಉಲುಲು ಎಂದು ಕೂಗು ಹಾಕಿ, ಸಂತೆ ಮರೆತು ಹಿಂದೆಯೇ ಬಂದರು. ಊರೇ ತನ್ನ ಕಡೆ! ಅಮಿನಿಯೇಲಿಯ ಎದೆ ಉಬ್ಬಿತು.

ಒಫೋರೊ ಅಂಗಳದಲ್ಲಿ ಕಾಫಿಹಣ್ಣು ಆರಿಸುತ್ತಿದ್ದ. ಎಲೆ ಕಂಡದ್ದೇ ಬುಟ್ಟಿ ಕೈಜಾರಿತು.

ಹೆದರಿದ, ಕಳ್ಳ! ಅಮಿನಿಯೇಲಿ ಎಲೆಯನ್ನು ಅಣ್ಣನ ಮೂಗಿನೆದುರು ಚಾಚಿದ. "ಇದೇನು ಅಂತ ಗೊತ್ತಿಲ್ಲ ಅಂತ ಮಾತ್ರ ಹೇಳ್ಬೇಡ!"

"ಗೊತ್ತಿಲ್ದೆ ಏನೋ, ತಮ್ಮಾ." ಒಫೋರೊ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಕಣ್ಣು ತುಂಬಿತ್ತು. "ಸಾಕು, ಇನ್ನೇನೂ ಹೇಳ್ಬೇಡ. ಇಸಾಲೆ ತಂದವನನ್ನ ಕ್ಷಮಿಸದೆ ಕಳಿಸಿದ್ರೆ ಅಪ್ಪ ಗೋರಿಯಿಂದ ಎದ್ದು ಬಂದು ನನ್ನ ಒದೀತಾನೆ. ನೀರಿನ ಮಾತು ನೀರಲ್ಲೇ ಹೋಯ್ತು."

ಅಮಿನಿಯೇಲಿಗೆ ಆಗ ಹೊಳೆಯಿತು. ಆ ಎಲೆ ಹಿಡಿದು ಇನ್ನೊಬ್ಬರ ಅಂಗಳ ಮೆಟ್ಟಿದರೆ 'ತಪ್ಪಾಯಿತು' ಎಂದಂತೆ. ಎಂಥ ಹಗೆಯಾದರೂ ಅಲ್ಲಿಗೆ ಮುಗಿಯಿತು. ಈ ಬೆಟ್ಟದಲ್ಲಿ ಕೂಸಿಗೂ ಗೊತ್ತಿದ್ದ ವಿಷಯ ಅವನಿಗೆ ಸಿಟ್ಟಿನಲ್ಲಿ ಮರೆತೇಹೋಗಿತ್ತು. ಅಲ್ಲವೆನ್ನಲು ಬಾಯಿ ತೆರೆದ. ಬೆನ್ನ ಹಿಂದೆ ಅರ್ಧ ಊರು ನಿಂತಿತ್ತು. ಅಣ್ಣ ಆಗಲೇ ತಬ್ಬಿಕೊಂಡಿದ್ದ, ಬಾಲ್ಯದಲ್ಲಿ ತಬ್ಬುತ್ತಿದ್ದಷ್ಟೇ ಬಿಗಿಯಾಗಿ.

"ಹೂಂ," ಎಂದ ಅಮಿನಿಯೇಲಿ. ಯಾಕೋ ಹಗುರವೆನಿಸಿತು.

"ಶನಿವಾರ ಯಾಕೆ, ಈಗಲೇ ಬರ್ತೀನಿ," ಎಂದು ಒಫೋರೊ ಜೊತೆಗೇ ಹೊರಟ.

ಮನೆಯಂಗಳದಲ್ಲಿ ಹೆಂಡ ತುಂಬಿದ ಎರಡು ಬುರುಡೆಗಳು ಆಗಲೇ ಕಾದಿದ್ದವು.

"ಅಂತೂ ಬಂದ್ರಾ," ಎಂದು ಐಕಾಂಡೆ ತನ್ನ ಕತ್ತಿಗೆ ಅಂಟಿದ್ದ ಇಸಾಲೆಯ ನಾರು ಒರೆಸಿದಳು. "ಇನ್ನೊಂದು ವಾರ ತಡ ಮಾಡಿದ್ರೆ ನಮ್ಮ ಬೇಲೀನೇ ಉಳೀತಿರಲಿಲ್ಲ."