ಪಂಚಕಜ್ಜಾಯ

ಸಂಶೋಧನಾ ಸಂಸ್ಥೆಯ ಸುವರ್ಣ ಮಹೋತ್ಸವ. ನಿರ್ದೇಶಕರು ಸಂಸ್ಥೆಯ ಐವತ್ತು ವರ್ಷಗಳ ಚರಿತ್ರೆಯನ್ನು ಹೇಳಿ ಕುಳಿತಾಗ, ಮುದುಕರೊಬ್ಬರು ವೇದಿಕೆ ಹತ್ತಿ ಪಂಚಕಜ್ಜಾಯದ ಡಬ್ಬಿಯನ್ನು ಅವರ ಮುಂದಿಟ್ಟರು.

"ದೇವರ ಪ್ರಸಾದ. ತೆಗೆದುಕೊಳ್ಳಿ."

ನಿರ್ದೇಶಕರ ಮುಖ ಬಿಳಿಚಿಕೊಂಡಿತು. ಈ ಮುದುಕರ ಮಗ ಅವರ ಬಳಿಯೇ ಸಂಶೋಧನೆ ಮಾಡುತ್ತಿದ್ದ. ಅವನ ಪ್ರಬಂಧವೆಲ್ಲ ಸುಳ್ಳೆಂದು ಅವರು ತಿರಸ್ಕರಿಸಿದ್ದರು. ಆ ಕೊರಗಿನಲ್ಲೇ ಹುಡುಗ ತೀರಿಕೊಂಡಿದ್ದ. ಹೆಣದ ಮುಂದೆ ನಿಂತು, "ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ" ಎಂದು ಮುದುಕರು ಆಣೆಯಿಟ್ಟಿದ್ದರು.

"ಆಮೇಲೆ ತಿನ್ನುತ್ತೇನೆ ರಾಯರೇ" ಎಂದು ನಿರ್ದೇಶಕರು ಡಬ್ಬಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿದರು.

ಉಳಿದವರ ಭಾಷಣ ಮುಗಿಯುವ ಹೊತ್ತಿಗೆ ಡಬ್ಬಿ ಹಿಂದಿರುಗಿತು. ತಂದವನು ಕಿವಿಯಲ್ಲಿ ಏನೋ ಹೇಳಿದ. ನಿರ್ದೇಶಕರು ನಗುತ್ತ ಒಂದು ಹಿಡಿ ಬಾಯಿಗೆ ಹಾಕಿಕೊಂಡರು.

"ಹೆದರಿಕೆ ಹೋಯಿತೆ?" ಎಂದು ಕೇಳಿದ ಮುದುಕರು ಮೈಕನ್ನು ಅವರತ್ತ ಸರಿಸಿದರು.

"ಹೆದರಿಕೆಯೇನು ಬಂತು? ತಿನಿಸಿನಲ್ಲಿ ಯಾವ ವಿಷವಿದ್ದರೂ ನಮ್ಮಲ್ಲಿ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಈ ವಿಧಾನ ಬೇರೆ ಯಾರ ಹತ್ತಿರವೂ ಇಲ್ಲ."

ಸಭೆ ಚಪ್ಪಾಳೆ ತಟ್ಟಿತು. ಅದು ನಿಲ್ಲುವವರೆಗೂ ಮುದುಕರು ಕಾದರು.

"ನನ್ನ ಮಗ ಬರೆದು ತಂದಾಗ, ಸುಳ್ಳೆಂದು ನೀವು ಅವನ ಮುಖಕ್ಕೆ ಎಸೆದದ್ದು ಇದೇ ವಿಧಾನವನ್ನು."