ಅಡ್ಡಕ್ಕೆ ಹಿಗ್ಗಿದ ಹೃದಯ

"ಯಜಮಾನ್ರೇ, ಇನ್ಮೇಲೆ ನೀವು ಸ್ಟೀರಿಂಗ್ ಮುಟ್ಟೋ ಹಾಗಿಲ್ಲ," ಎಂದರು ಡಾಕ್ಟರಮ್ಮ, ಇಸಿಜಿ ಕಾಗದವನ್ನು ಬೆಳಕಿಗೆ ಹಿಡಿದು. "ನಿಮಿಷಕ್ಕೆ ಮೂವತ್ತಾರೇ ಬಡಿತ. ಹೃದಯ ತುಂಬಾ ನಿಧಾನ ಆಗಿದೆ. ಫಿಟ್‌ನೆಸ್ ಸರ್ಟಿಫಿಕೇಟಿಗೆ ನಾನು ಸಹಿ ಹಾಕೋಕಾಗಲ್ಲ."

ಎದೆಗೆಲ್ಲ ವೈರು ಅಂಟಿಸಿಕೊಂಡು ಮಲಗಿದ್ದ ಬಸ್ ಡ್ರೈವರ್ ಥಟ್ಟನೆ ತಲೆ ಎತ್ತಿದ. ಬಸ್ಸೆಂದರೆ ಅವನಿಗೆ ಬರೀ ನೌಕರಿಯಲ್ಲ. ರಜೆಯ ದಿನವೂ ಡಿಪೋಗೆ ಹೋಗಿ ಟೈರಿಗೊಂದು ಒದೆ ಕೊಟ್ಟು ಬರದಿದ್ದರೆ ಉಂಡದ್ದು ಅರಗದ ಆಸಾಮಿ. ಪಕ್ಕದ ಸ್ಟೂಲಿನಲ್ಲಿದ್ದ ಹೆಂಡತಿಗಂತೂ ಎದೆ ಧಸಕ್ಕೆಂದಿತು. ಅವಳು ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ಅವಳ ದನಿ ಕೇಳಿದರೆ ಕೊನೆ ಬೆಂಚಿನ ಪುಂಡರೂ ನೆಟ್ಟಗೆ ಕೂರುತ್ತಾರೆ. ಈಗ ಆ ದನಿ ಊರು ಬಿಟ್ಟು ಹೋಗಿತ್ತು.

"ನಂಗೇನೂ ಆಗಿಲ್ಲ ಕಣೇ," ಎಂದ ಗಂಡ. "ಮೊನ್ನೆ ಕಪಾಟನ್ನ ಮಹಡಿಗೆ ಹೊತ್ತು ಹಾಕಿದೋನು ನಾನೇ ತಾನೇ?"

"ಬೇಡ ಬೇಡ ಅಂದ್ರೂ ಹೊತ್ರಿ! ಈಗ ಅನುಭವಿಸಿ!" ಎಂದವಳ ಕಣ್ಣು ತುಂಬಿ ಬಂತು. ಅತ್ತರೆ ಅವನು ಇನ್ನಷ್ಟು ಹೆದರುತ್ತಾನೆಂದು, ಡಾಕ್ಟರಮ್ಮನ ಕೈಯಿಂದ ಕಾಗದ ಇಸಿದುಕೊಂಡು ಅದರಲ್ಲೇ ಮುಖ ಹುದುಗಿಸಿದಳು. ಲೆಕ್ಕದ ಟೀಚರ ಕೈಗೆ ಚೌಕಳಿ ಕಾಗದ ಸಿಕ್ಕರೆ ಇನ್ನೇನು ಮಾಡಿಯಾಳು? ಅಳುತ್ತಳುತ್ತಲೇ ಚೌಕ ಎಣಿಸತೊಡಗಿದಳು. ಆಮೇಲೆ ಮೇಜಿನ ಮೇಲಿದ್ದ ಹೋದ ವರ್ಷದ ಕಾಗದವನ್ನೂ ಎತ್ತಿಕೊಂಡು, ಎರಡನ್ನೂ ಕಿಟಕಿ ಗಾಜಿಗೆ ಒಂದರ ಮೇಲೊಂದು ಒತ್ತಿ ಹಿಡಿದಳು.

"ಇದೇನ್ ಡಾಕ್ಟ್ರೇ, ಎತ್ತರ ಕೂದಲೆಳೆಯಷ್ಟೂ ಬದಲಾಗಿಲ್ಲ. ಅಡ್ಡಕ್ಕೆ ಮಾತ್ರ ಹಿಗ್ಗಿದೆ."

"ಹೃದಯ ನಿಧಾನ ಆದ್ರೆ ಹಾಗೇ ಟೀಚರ್. ಬಡಿತಗಳು ದೂರದೂರ ಆಗ್ತವೆ."

"ದೂರ ಆಗ್ಲಿ, ಒಪ್ಪಿದೆ. ಬಡಿತಾನೂ ಅಗಲ ಆಗ್ಬೇಕಾ? ಅಲೆಯ ಮೂತಿ, ಹೊಟ್ಟೆ, ಬಾಲ, ಎಲ್ಲಾ ಸರಿಯಾಗಿ ಎರಡರಷ್ಟು? ಕಾಯಿಲೆಗೆ ಇಷ್ಟು ಚೆನ್ನಾಗಿ ಲೆಕ್ಕ ಬರುತ್ತಾ?" ಟೀಚರ ದನಿ ಊರಿಗೆ ಮರಳಿತ್ತು. "ಇದು ಹೋದ ವರ್ಷದ ಹೃದಯಾನೇ. ಗ್ರಾಫಿನ ಸೂತ್ರದಲ್ಲಿ ಎಕ್ಸ್ ಇದ್ದ ಕಡೆ ಯಾರೋ ಎಕ್ಸ್‌ನ ಅರ್ಧ ಹಾಕಿದ್ದಾರೆ, ಅಷ್ಟೇ."

"ಅರ್ಧ ಮಾಡಿದ್ರೆ ಕುಗ್ಗಬೇಕಲ್ವೇನೇ?" ಎಂದ ಗಂಡ, ಮಲಗಿದ್ದಲ್ಲಿಂದಲೇ.

ಅವಳು ಗಕ್ಕನೆ ನಿಂತಳು. ತರಗತಿಯಲ್ಲಿ ಒಬ್ಬ ಹುಡುಗಿ ಕೇಳಿದ್ದೂ ಇದನ್ನೇ. 'ಬ್ರಾಕೆಟ್ ಒಳಗಡೆ ಎಲ್ಲಾ ಉಲ್ಟಾ, ಬಾಯಿಪಾಠ ಮಾಡು' ಎಂದು ಕೂರಿಸಿದ್ದಳು. ಗಂಡನಿಗೆ ಹಾಗೆ ಹೇಳಿ ದಕ್ಕಿಸಿಕೊಳ್ಳುವುದುಂಟೇ!

"ನೋಡಿ, ನಿಮ್ಮ ಬಸ್ಸನ್ನ ಅರ್ಧ ಸ್ಪೀಡಲ್ಲಿ ಬಿಟ್ರೆ ಏನಾಗುತ್ತೆ? ಅದೇ ಏರು, ಅದೇ ಇಳಿಜಾರು. ಮುಟ್ಟೋಕೆ ಮಾತ್ರ ಎರಡರಷ್ಟು ಹೊತ್ತು. ಎಕ್ಸ್ ಅರ್ಧ ಸ್ಪೀಡಲ್ಲಿ ಹೋದ್ರೂ ಅಷ್ಟೇ, ಗ್ರಾಫ್ ಎರಡರಷ್ಟು ಉದ್ದ ಆಗುತ್ತೆ."

"ಡಬಲ್ ಸ್ಪೀಡಲ್ಲಿ ಬಿಟ್ರೆ ಅರ್ಧಕ್ಕೆ ಕುಗ್ಗುತ್ತೆ. ಇಷ್ಟೇನಾ?"

"ಇಷ್ಟೇ ರೀ!" ಎಂದವಳಿಗೆ ತಾನೇ ಮೊದಲ ಸಲ ಅರ್ಥ ಮಾಡಿಕೊಂಡಷ್ಟು ಖುಷಿಯಾಯಿತು. ಆ ಹುಡುಗಿಯನ್ನು ನಾಳೆಯೇ ಕರೆದು ಹೇಳಬೇಕು ಎಂದುಕೊಂಡಳು. ಡಾಕ್ಟರಮ್ಮನ ಕಡೆ ತಿರುಗಿ, "ಡಾಕ್ಟ್ರೇ, ಈ ನಿಮ್ಮ ಮೆಷಿನ್ನು ಕಾಗದಾನ ಎಷ್ಟು ಜೋರಾಗಿ ಎಳೆಯುತ್ತೆ?" ಎಂದಳು.

ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡು ಮೆಷಿನ್ನಿನ ಮೇಲೆ ಬಗ್ಗಿದರು. ಬಗ್ಗಿದವರು ನಾಲಿಗೆ ಕಚ್ಚಿಕೊಂಡರು. ರಿಪೇರಿಯಿಂದ ಆವತ್ತು ಬೆಳಿಗ್ಗೆಯಷ್ಟೇ ಬಂದ ಮೆಷಿನ್ನು. ಸೆಕೆಂಡಿಗೆ ಇಪ್ಪತ್ತೈದು ಮಿಲಿಮೀಟರಿನಲ್ಲಿರಬೇಕಾದ ವೇಗ ಐವತ್ತರಲ್ಲಿತ್ತು. ಕಾಗದ ಎರಡರಷ್ಟು ಜೋರಾಗಿ ಓಡಿ, ಒಂದೊಂದು ಚೌಕಕ್ಕೂ ಅರ್ಧದಷ್ಟೇ ಹೊತ್ತು ಸಿಕ್ಕಿತ್ತು.

"ಅಯ್ಯೋ, ತಪ್ಪಾಯ್ತು ಯಜಮಾನ್ರೇ! ಮೂವತ್ತಾರಲ್ಲ, ಎಪ್ಪತ್ತೆರಡು! ನಿಮ್ಮ ಹೃದಯ ಗುಂಡುಕಲ್ಲಿನ ಹಾಗಿದೆ. ಇರಿ, ಸರಿಯಾಗಿ ಇನ್ನೊಂದು ತೆಗೆದು ಈಗಲೇ ಸಹಿ ಹಾಕ್ತೀನಿ."

ಡ್ರೈವರನಿಗೆ ಹೋದ ಜೀವ ಬಂದಂತಾಯಿತು. ಜೀವದ ಜೊತೆ ಮಾತೂ ಬಂತು. "ಅಲ್ರಮ್ಮಾ, ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಒಬ್ರು ಡಾಕ್ಟ್ರು, ಒಬ್ರು ಟೀಚರು. ಇಬ್ರೂ ಕಾಗದ ನೋಡಿದ್ದೇ ನೋಡಿದ್ದು. ಒಬ್ರಾದ್ರೂ ನನ್ನ ಕೈ ಹಿಡಿದು ನಾಡಿ ನೋಡಿದ್ರಾ?"

ಡಾಕ್ಟರಮ್ಮ ಪಕಪಕ ನಕ್ಕುಬಿಟ್ಟರು. ಟೀಚರು ನಗಲಿಲ್ಲ. ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು, ಅವನ ಕೈಯನ್ನು ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡಳು. ನಾಡಿ ಎಲ್ಲಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ, ಹುಡುಕಲೂ ಇಲ್ಲ. "ಹೆದರಿಸಿಬಿಟ್ರಲ್ರೀ," ಎಂದಳು ಮೆಲ್ಲಗೆ. ಅವನು ಆ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡ.

ಮೆಷಿನ್ನು ಗುರುಗುಟ್ಟುತ್ತ ಕಾಗದ ಉಗುಳತೊಡಗಿತು. ಡಾಕ್ಟರಮ್ಮ ವೇಗವನ್ನು ಒಂದಲ್ಲ, ಎರಡು ಸಲ ನೋಡಿದರು. ಇಪ್ಪತ್ತೈದರಲ್ಲೇ ಇತ್ತು. ಆದರೂ ಅಲೆಗಳು ಹೊರಬರುತ್ತಾ ಬರುತ್ತಾ ಒಂದಕ್ಕೊಂದು ಒತ್ತಿಕೊಳ್ಳುತ್ತಿದ್ದವು. ಕಾಗದ ನೋಡಿದರು, ಮಂಚದ ಕಡೆ ನೋಡಿದರು, ನಗು ತಡೆದುಕೊಂಡರು.

"ಟೀಚರ್, ಒಂದು ನಿಮಿಷ ಅವರ ಕೈ ಬಿಡ್ತೀರಾ? ಗ್ರಾಫು ಕುಗ್ತಾನೇ ಇದೆ."