ಕಾವಿ ಹಚ್ಚುವ ಮೊದಲು

"ಹಿಮಾಚಲದಿಂದ ಬಂದ ಮೇಲೆ ಜ್ವರದ ಜೊತೆ ಮೈಮೇಲೆ ಕೆಂಪು ಸುತ್ತು ಎದ್ದಿತ್ತಾ?" ಲೈಮ್ ರೋಗದ ರಕ್ತಪರೀಕ್ಷೆಯ 'ನೆಗೆಟಿವ್' ವರದಿಯನ್ನು ಬದಿಗೆ ಸರಿಸಿ ಥಾಣೆ ನಗರದ ಡಾಕ್ಟರ್ ಜಯಲತಾ ಕೇಳಿದಾಗ ನಳಿನಾಕ್ಷಿ ತಲೆಯೆತ್ತಿ ನೋಡಿದಳು. ಅದೇ ಕಾಗದ ನೋಡಿ ಡೊಂಬಿವಲಿಯ ಮೂವರು ವೈದ್ಯರು ಅವಳ ಗಂಟುನೋವನ್ನು ಮನಸ್ಸಿನ ಕಾಯಿಲೆ ಎಂದಿದ್ದರು. ಎರಡು ತಿಂಗಳಲ್ಲಿ ಅವಳೂ ಅದನ್ನೇ ನಂಬಿ, ನೋಯುತ್ತದೆ ಎಂದು ಹೇಳುವುದನ್ನೇ ಬಿಟ್ಟಿದ್ದಳು.

"ಸೊಂಟದಲ್ಲಿತ್ತು. ಸರ್ಪಸುತ್ತು ಅಂತ ಕಾವಿಮಣ್ಣು ಹಚ್ಚಿದೆ" ಎಂದಳು ಅಳುಕುತ್ತ.

"ನನ್ನ ಅಜ್ಜಿಯೂ ಹಚ್ತಿದ್ರು ಮಾರಾಯ್ರೆ! ಮಣ್ಣಿನ ಅಡಿಯಲ್ಲಿದ್ದದ್ದು ಯಾವ ಡಾಕ್ಟರಿಗೆ ಕಾಣ್ತದೆ?"

"ಅಮ್ಮಾ, ಹಚ್ಚುವ ಮೊದಲು ದೊಡ್ಡಮ್ಮನಿಗೆ ಫೋಟೋ ಕಳಿಸಿದ್ದೆವಲ್ಲ. ಯೇ ದೇಖೋ!" ಪಕ್ಕದಲ್ಲಿದ್ದ ಮಗಳು ದಿಶಾ ಮೊಬೈಲ್ ಮುಂದೆ ಹಿಡಿದಳು.

ಡಾಕ್ಟರ್ ಆ ಕೆಂಪು ಬಳೆಯನ್ನೂ ನಡುವಿನ ಚುಕ್ಕೆಯನ್ನೂ ಬೆರಳಿನಿಂದ ಸುತ್ತಿ ತೋರಿಸಿದರು. "ಇದು ಉಣ್ಣಿ ಕಚ್ಚಿದ ಗುರುತು, ಲೈಮ್ ಅದರಿಂದಲೇ ಬರುವುದು. ಜ್ವರದ ಮೊದಲ ವಾರದಲ್ಲೇ ರಕ್ತ ಕೊಟ್ಟಿದ್ದೀರಿ, ಅಷ್ಟು ಬೇಗ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಇನ್ನೊಮ್ಮೆ ಮಾಡಿಸುವ. ಮದ್ದು ಇವತ್ತೇ ಶುರು. ಗುಣ ಆಗ್ತದೆ."

ನಳಿನಾಕ್ಷಿ ನೀಳವಾಗಿ ಉಸಿರುಬಿಟ್ಟು ಕುರ್ಚಿಗೆ ಒರಗಿದಳು. "ಮೊಣಕಾಲು ತುಂಬಾ ನೋಯ್ತದೆ ಡಾಕ್ಟ್ರೇ" ಎಂದಳು, ಈ ಬಾರಿ ಅಳುಕಿಲ್ಲದೆ.